ಯಾರೂ ತಡೆಯದಿದ್ದರೂ ನಿಲ್ಲುವ ಕಾಲು

(ಕೊಪ್ಪಳ ಜಿಲ್ಲೆಯ ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಒಬ್ಬ ಆಪ್ತಸಮಾಲೋಚಕ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಟಿಂಗ್ ಅಂಗಡಿಯಿಂದ ಶುರು ಮಾಡುತ್ತೇನೆ.

ಆ ಕುರ್ಚಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಎದುರಿಗೆ ದೊಡ್ಡ ಕನ್ನಡಿ. ಕೊರಳಿಗೆ ಬಟ್ಟೆ ಸುತ್ತುತ್ತಾರೆ, ತಲೆಗೆ ನೀರು ಚಿಮುಕಿಸುತ್ತಾರೆ. ಎರಡೂ ಕೈಯಲ್ಲಿ ತಲೆ ಹಿಡಿದು ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸುತ್ತಾರೆ. ಹಿಂದೆ ಬೆಂಚಿನ ಮೇಲೆ ಕೂತವರು ಪೇಪರ್ ಮಡಚಿಕೊಂಡು ಮಳೆ, ಬೆಳೆ, ಎಲೆಕ್ಷನ್ ಅಂತ ಮಾತಾಡುತ್ತಿರುತ್ತಾರೆ. ಅರ್ಧ ಗಂಟೆಯ ಕೆಲಸ. ಇಲ್ಲಿ ಕೂತಿರುವ ಎಷ್ಟೋ ಜನ ಇದರ ಬಗ್ಗೆ ಒಂದು ಸಲವೂ ಯೋಚನೆ ಮಾಡಿರಲಿಕ್ಕಿಲ್ಲ. ಯೋಚನೆ ಮಾಡುವ ಪ್ರಸಂಗವೇ ಬಂದಿರುವುದಿಲ್ಲ.

ನಮ್ಮದೇ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಮರಕುಂಬಿ. ಅಲ್ಲಿ ದಲಿತರಿಗೆ ಆ ಕುರ್ಚಿ ಸಿಗುತ್ತಿರಲಿಲ್ಲ. ಹೋಟೆಲಿನ ಒಳಗೂ ಜಾಗ ಇರಲಿಲ್ಲ. ಅದನ್ನು ಪ್ರಶ್ನೆ ಮಾಡಿದ ಮೇಲೆ ಊರಲ್ಲಿ ದ್ವೇಷ ಬೆಳೆಯಿತು. 2014ರ ಆಗಸ್ಟ್ 28ರಂದು ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು. ಅವರಲ್ಲಿ 98 ಜನರಿಗೆ ಜೀವಾವಧಿ. ಮುಂದೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನೂ ಸಿಕ್ಕಿತು.

ಬೆಂಕಿ ಬಿದ್ದದ್ದು ಸುದ್ದಿಯಾಯಿತು, ಶಿಕ್ಷೆಯೂ ಸುದ್ದಿಯಾಯಿತು. ನನ್ನ ತಲೆಯಲ್ಲಿ ಉಳಿದಿರುವುದು ಬೆಂಕಿ ಬೀಳುವುದಕ್ಕೆ ಮುಂಚಿನ ವರ್ಷಗಳು. ಊರಲ್ಲೇ ಅಂಗಡಿ ಇದ್ದರೂ ಕೂದಲು ಕತ್ತರಿಸಿಕೊಳ್ಳಲು ಬಸ್ ಹತ್ತಿ ಪಟ್ಟಣಕ್ಕೆ ಹೋಗಬೇಕಾದ ವರ್ಷಗಳು. ಅಂಥ ದಿನಗಳು ಯಾವ ಪೇಪರಿನಲ್ಲೂ ಬರುವುದಿಲ್ಲ. ಹತ್ತು ವರ್ಷದ ಹುಡುಗ ಆ ಅಂಗಡಿಯ ಮುಂದೆ ದಿನಾ ಸ್ಕೂಲಿಗೆ ನಡೆದು ಹೋಗುವಾಗ ಅವನ ಮನಸ್ಸಿನಲ್ಲಿ ಏನಾಗುತ್ತದೆ? ಅದನ್ನು ಮಾತಾಡೋಣ ಅಂತ ಬಂದಿದ್ದೇನೆ.

ನನ್ನ ಊರು ಬೇರೆ. ಕಥೆ ಮಾತ್ರ ಬೇರೆ ಅಲ್ಲ. ನಮ್ಮಪ್ಪ ಸಂತೆಯ ದಿನ ಪಟ್ಟಣಕ್ಕೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತಿದ್ದ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ. ನನಗೆ ಎಂಟೋ ಒಂಬತ್ತೋ ವರ್ಷ. ಆ ಪಟ್ಟಣದಲ್ಲಿ ಅಪ್ಪನ ಗುರುತು ಯಾರಿಗೂ ಇರಲಿಲ್ಲ. ಬೆಂಚು ಖಾಲಿ ಇತ್ತು. ಆದರೂ ಅಪ್ಪ ಹೊರಗೆ, ಬಾಗಿಲಿನ ಪಕ್ಕದಲ್ಲಿ ನಿಂತಿದ್ದ. ಅಂಗಡಿಯವರು, "ಬರ್ರಿ ಹಿರಿಯರ, ಕುಂದರ್ರಿ" ಅಂದರು. ಅಪ್ಪ ಹಿಂದೆ ತಿರುಗಿ ನೋಡಿದ. ಬೇರೆ ಯಾರನ್ನೋ ಕರೆದರು ಅಂದುಕೊಂಡಿದ್ದ. ಅವರು ಎರಡನೇ ಸಲ ಕರೆದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದ. ಅಲ್ಲಿ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ.

ಆವತ್ತು ಅಪ್ಪನನ್ನು ತಡೆದವರು ಯಾರೂ ಇರಲಿಲ್ಲ, ಅಲ್ವಾ? ಹಾಗಾದರೆ ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಯಾವುದು?

ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಅಳುಕು ಅಂತಲೇ ಕರೆಯುತ್ತೇನೆ. ಹೆದರಿಕೆ ಬೇರೆ, ಅಳುಕು ಬೇರೆ. ಹಾವು ಕಂಡರೆ ಹೆದರಿಕೆ. ಹಾವು ಹೋದ ಮೇಲೆ ಎದೆ ತಣ್ಣಗಾಗುತ್ತದೆ. ಅಳುಕಿಗೆ ಎದುರಿಗೆ ಏನೂ ಬೇಕಾಗಿಲ್ಲ. ಯಾರೂ ಬೇಡ ಅನ್ನುವ ಮುಂಚೆಯೇ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಸಾವಿರ ಸಲ ಬೇಡ ಅನ್ನಿಸಿಕೊಂಡ ಮನಸ್ಸು, ಸಾವಿರದ ಒಂದನೇ ಸಲ ಅನ್ನಿಸಿಕೊಳ್ಳುವುದು ಬೇಡ ಅಂತ ತನ್ನನ್ನು ತಾನೇ ಕಾಯುತ್ತದೆ. ಇದು ಬುದ್ಧಿ ಇಲ್ಲದ್ದಲ್ಲ, ಧೈರ್ಯ ಇಲ್ಲದ್ದೂ ಅಲ್ಲ. ಜೀವ ಉಳಿಸಿಕೊಳ್ಳಲು ಕಲಿತದ್ದು. ಆದರೆ ಹಗಲೂ ರಾತ್ರಿ ಕಾವಲು ಕಾಯುವುದು ಸುಮ್ನೆ ಆಗುವ ಕೆಲಸವಲ್ಲ. ಅದಕ್ಕೆ ಶಕ್ತಿ ಬೇಕು. ಓದಿಗೆ, ನಗುವಿಗೆ, ನಿದ್ದೆಗೆ ಬೇಕಾದ ಶಕ್ತಿ ಅಲ್ಲಿ ಖರ್ಚಾಗುತ್ತದೆ.

ಹೊರಗಿಡುವುದು ಅಂದರೆ ಮನಸ್ಸಿಗೆ ಏನು ಮಾಡುತ್ತದೆ ಅನ್ನುವುದನ್ನು ಅಮೆರಿಕದ ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಅವರಿಗೆ ಆ ಯೋಚನೆ ಬಂದದ್ದು ಒಂದು ಪಾರ್ಕಿನಲ್ಲಿ. ಇಬ್ಬರು ಅಪರಿಚಿತರು ತಟ್ಟೆ ಎಸೆಯುವ ಆಟ ಆಡುತ್ತಿದ್ದರು. ಅದು ಇವರ ಬಳಿ ಬಂದು ಬಿತ್ತು. ಇವರು ವಾಪಸ್ ಎಸೆದರು, ಅವರು ಮತ್ತೆ ಇವರ ಕಡೆ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದರು. ಇದ್ದಕ್ಕಿದ್ದಂತೆ ಅವರಿಬ್ಬರು ಇವರಿಗೆ ಎಸೆಯುವುದನ್ನು ನಿಲ್ಲಿಸಿದರು. ಗುರುತಿಲ್ಲದ ಇಬ್ಬರು, ಎರಡು ನಿಮಿಷದ ಆಟ. ಆದರೂ ಮನಸ್ಸಿಗೆ ನೋವಾಯಿತು. ಅದನ್ನೇ ಅವರು ಕಂಪ್ಯೂಟರಿನಲ್ಲಿ ಚೆಂಡಾಟದ ಪ್ರಯೋಗವಾಗಿ ಮಾಡಿದರು. 2003ರಲ್ಲಿ ಆ ಆಟ ಆಡುವಾಗ ಜನರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮೈಗೆ ಪೆಟ್ಟು ಬಿದ್ದಾಗ ಚುರುಕಾಗುವ ಭಾಗಗಳಲ್ಲಿ ಒಂದು, ಆಟದಿಂದ ಹೊರಗಿಟ್ಟಾಗಲೂ ಚುರುಕಾಗಿತ್ತು.

ವಿಲಿಯಮ್ಸ್ ಹೇಳುವ ಪ್ರಕಾರ ಹೊರಗಿಟ್ಟಾಗ ನಾಲ್ಕಕ್ಕೆ ಪೆಟ್ಟು ಬೀಳುತ್ತದೆ. ನಾನೂ ಇವರಲ್ಲಿ ಒಬ್ಬ ಅನ್ನುವ ಭಾವನೆ. ನನ್ನ ಬಗ್ಗೆ ನನಗಿರುವ ಮರ್ಯಾದೆ. ನನ್ನ ಬದುಕು ನನ್ನ ಕೈಯಲ್ಲಿದೆ ಅನ್ನುವ ನಂಬಿಕೆ. ಕೊನೆಯದು, ನಾನು ಇದ್ದೇನೆ, ಇರುವುದಕ್ಕೆ ಅರ್ಥ ಇದೆ ಅನ್ನುವುದು.

ಆಟವಾಡಿದವರು ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳುತ್ತಾರೆ. ಇದು ಬರೀ ಪ್ರಯೋಗ ಅಂತ ಯಾರೋ ಬಂದು ಹೇಳುತ್ತಾರೆ. ನಮ್ಮ ಊರುಗಳಲ್ಲಿ ಆಟ ಮುಗಿಯಿತು ಅಂತ ಯಾರು ಬಂದು ಹೇಳಬೇಕು? ತಾತನಿಗೆ ಎಸೆಯದ ಚೆಂಡನ್ನು ಅಪ್ಪನಿಗೂ ಎಸೆಯಲಿಲ್ಲ, ಮಗನಿಗೂ ಎಸೆಯುತ್ತಿಲ್ಲ.

ಇನ್ನೊಂದು ಪ್ರಯೋಗ ನಮ್ಮ ದೇಶದ್ದೇ. ಶಿಕ್ಷಕರು ಇದನ್ನು ಗಮನ ಇಟ್ಟು ಕೇಳಬೇಕು. 2003ರಲ್ಲಿ ಉತ್ತರ ಪ್ರದೇಶದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಇಬ್ಬರು ಸಂಶೋಧಕಿಯರು ಆರು ಮತ್ತು ಏಳನೇ ಕ್ಲಾಸಿನ ಹುಡುಗರನ್ನು ಸೇರಿಸಿದರು. ಮೇಲ್ಜಾತಿಯ 321 ಹುಡುಗರು, ಕೆಳಜಾತಿಯ 321 ಹುಡುಗರು. ಮಕ್ಕಳ ಪತ್ರಿಕೆಯಲ್ಲಿ ಬರುತ್ತದಲ್ಲ, ದಾರಿ ಹುಡುಕುವ ಆಟ, ಅದನ್ನು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡೂ ಗುಂಪು ಸರಿಸಮ. ಬೇರೆ ಕೆಲವು ಹುಡುಗರನ್ನು ಕೂರಿಸಿ, ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ಜಾತಿ ಎಲ್ಲವನ್ನೂ ಎಲ್ಲರ ಎದುರಿಗೆ ಓದಿ ಆಡಿಸಿದರು. ಅಲ್ಲಿ ಕೆಳಜಾತಿಯ ಹುಡುಗರು ಬಿಡಿಸಿದ ಆಟಗಳ ಸಂಖ್ಯೆ ಎದ್ದು ಕಾಣುವಂತೆ ಇಳಿಯಿತು. ಅಂಥದೇ ಹುಡುಗರು, ಅಂಥದೇ ತಲೆ, ಅದೇ ಆಟ. ಬದಲಾದದ್ದು ಜಾತಿಯನ್ನು ಜೋರಾಗಿ ಓದಿದ್ದು ಮಾತ್ರ.

ನಾನು ಓದಿದ ಶಾಲೆಯಲ್ಲಿ ವರ್ಷಕ್ಕೊಮ್ಮೆ ಒಬ್ಬರು ಫಾರಂ ಹಿಡಿದುಕೊಂಡು ಕ್ಲಾಸಿನೊಳಗೆ ಬರುತ್ತಿದ್ದರು. "ಎಸ್ಸಿ, ಎಸ್ಟಿ ಹುಡುಗರು ಎದ್ದು ನಿಲ್ರಿ, ಸ್ಕಾಲರ್‌ಶಿಪ್ ಬಂದೈತಿ." ಐದು ಜನ ನಿಲ್ಲುತ್ತಿದ್ದೆವು. ಬಂದವರು ಕೆಟ್ಟವರಲ್ಲ, ನಮಗೆ ದುಡ್ಡು ಸಿಗಲಿ ಅಂತಲೇ ಬಂದವರು. ಆದರೆ ಆ ಎರಡು ನಿಮಿಷದಲ್ಲಿ ಐವತ್ತು ಜೊತೆ ಕಣ್ಣು ನಮ್ಮ ಮೇಲೆ. ಮುಂದಿನ ಪೀರಿಯಡ್ ಗಣಿತ. ಬೋರ್ಡಿನ ಮೇಲಿನ ಲೆಕ್ಕ ನನಗೆ ಬರುತ್ತಿತ್ತು, ಕೈ ಮಾತ್ರ ಏಳಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಮಾರನೇ ವರ್ಷ ಸ್ಕಾಲರ್‌ಶಿಪ್ ಬೇಡ ಅಂದ. ಅವನ ಮನೆಯಲ್ಲಿ ಆ ದುಡ್ಡಿನ ಅವಶ್ಯಕತೆ ನಮ್ಮೆಲ್ಲರಿಗಿಂತ ಜಾಸ್ತಿ ಇತ್ತು. ಶಿಕ್ಷಕರೇ, ದಯವಿಟ್ಟು ಆ ಪಟ್ಟಿಯನ್ನು ಕ್ಲಾಸಿನಲ್ಲಿ ಓದಬೇಡಿ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಆಫೀಸಿಗೆ ಕರೆಸಿ. ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು, ಅಷ್ಟೇ.

ಅಂಬೇಡ್ಕರ್ ಅವರ ಬಾಲ್ಯದ ಒಂದು ಪ್ರಯಾಣ ನಿಮಗೆ ಗೊತ್ತಿರಬಹುದು. 1901ರ ಬೇಸಿಗೆ. ತಂದೆ ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು. ಅವರನ್ನು ನೋಡಲು ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಖುಷಿಯಿಂದ ರೈಲು ಹತ್ತಿದರು. ಇಳಿದ ಮೇಲೆ ಜಾತಿ ಗೊತ್ತಾಯಿತು. ಗಾಡಿಯವರು ಯಾರೂ ಬರಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಕಟ್ಟಿಕೊಂಡು ಬಂದಿದ್ದರು. ಕುಡಿಯಲು ನೀರು ಕೊಡುವವರು ದಾರಿಯಲ್ಲಿ ಸಿಗಲಿಲ್ಲ. ನೀರಿಲ್ಲದೆ ಊಟ ಸೇರಲಿಲ್ಲ, ಹಸಿದುಕೊಂಡೇ ಮಲಗಿದರು. ಎಷ್ಟೋ ವರ್ಷದ ನಂತರ, ದೊಡ್ಡ ದೊಡ್ಡ ಪದವಿಗಳನ್ನು ಪಡೆದ ಮೇಲೆ ಕೂತು ಬರೆಯುವಾಗ ಆ ರಾತ್ರಿಯ ಒಂದೊಂದು ವಿವರವೂ ಅವರಿಗೆ ನೆನಪಿತ್ತು. ಮಗು ಮರೆತುಬಿಡುತ್ತದೆ ಬಿಡಿ ಅನ್ನುವವರಿಗೆ ನಾನು ಈ ಪ್ರಯಾಣದ ಕಥೆ ಹೇಳುತ್ತೇನೆ.

ಮಗು ಅಂದಾಗ ಮಿಯಾಪುರ ನೆನಪಾಗದೆ ಇರುವುದಿಲ್ಲ. ಕುಷ್ಟಗಿ ತಾಲ್ಲೂಕು, 2021ರ ಸೆಪ್ಟೆಂಬರ್. ಹುಟ್ಟುಹಬ್ಬದ ದಿನ ಅಪ್ಪ ಪುಟ್ಟ ಮಗನನ್ನು ಹನುಮಪ್ಪನ ಗುಡಿಯ ಮುಂದೆ ಕೈ ಮುಗಿಸಲು ಕರೆದುಕೊಂಡು ಹೋಗಿದ್ದರು. ಮಳೆ ಬಂತು, ಮಗು ಗುಡಿಯೊಳಗೆ ಓಡಿತು. ಮಳೆ ಬಂದರೆ ಮಕ್ಕಳು ಸೂರಿನ ಕೆಳಗೆ ಓಡುತ್ತಾರೆ. ಗುಡಿ ಶುದ್ಧ ಮಾಡಬೇಕು ಅಂತ ಆ ಕುಟುಂಬದಿಂದ 25,000 ರೂಪಾಯಿ ಕೇಳಿದರು. ಸುದ್ದಿ ಹೊರಗೆ ಬಂದ ಮೇಲೆ ಪೊಲೀಸರು ಕೆಲವರನ್ನು ಬಂಧಿಸಿದರು.

ನಾನು ಯೋಚಿಸುವುದು ಆ ಅಪ್ಪ ಅವ್ವನ ಬಗ್ಗೆ, ಅವರಂಥ ಎಲ್ಲ ಅಪ್ಪ ಅವ್ವಂದಿರ ಬಗ್ಗೆ. ಇಂಥದ್ದು ಆದ ಮೇಲೆ ಮಗುವಿಗೆ ಏನು ಹೇಳಿಕೊಡಬೇಕು? "ಅಲ್ಲಿಗೆ ಹೋಗಬ್ಯಾಡ" ಅಂದರೆ ಮಗು ಕ್ಷೇಮವಾಗಿರುತ್ತದೆ, ಆದರೆ ಅಳುಕಿನ ಬೀಜ ಬಿತ್ತಿದಂತಾಗುತ್ತದೆ. ಹೇಳದಿದ್ದರೆ ಮಗು ನಾಳೆ ಇನ್ನೆಲ್ಲೋ ಓಡಿ ಹೋಗಿ ಪೆಟ್ಟು ತಿನ್ನುತ್ತದೆ. ಬೇರೆ ತಾಯಂದಿರು ಮಗುವಿಗೆ ಬೆಂಕಿ, ಬಾವಿ, ರಸ್ತೆ ತೋರಿಸಿ ಹುಷಾರು ಅನ್ನುತ್ತಾರೆ. ನಮ್ಮ ತಾಯಂದಿರು ಮನುಷ್ಯರನ್ನು ತೋರಿಸಿ ಹುಷಾರು ಅನ್ನಬೇಕು. ಇದನ್ನು ನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳುವುದು ಅಂತ ಒಬ್ಬ ತಾಯಿ ನನ್ನನ್ನು ಕೇಳಿದ್ದರು. ನಾನು ಆಪ್ತಸಮಾಲೋಚಕ, ಉತ್ತರ ಕೊಡುವುದು ನನ್ನ ಕೆಲಸ. ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮ ಹತ್ತಿರ ಬರುವವರು ಯಾರೂ "ಜಾತಿಯಿಂದ ನನಗೆ ಕಷ್ಟ ಆಗಿದೆ" ಅಂತ ಬರುವುದಿಲ್ಲ. ತಲೆ ಭಾರ ಅನ್ನುತ್ತಾರೆ. ಎದೆ ಡವಡವ ಅನ್ನುತ್ತಾರೆ. ಉಂಡದ್ದು ಮೈಗೆ ಹತ್ತುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ. ರಕ್ತ ಪರೀಕ್ಷೆ ಆಗುತ್ತದೆ, ಎಲ್ಲ ನಾರ್ಮಲ್. ನಿದ್ದೆ ಮಾತ್ರೆ ಬರೆದು ಕಳಿಸುತ್ತಾರೆ. ಆಶಾ ಅಕ್ಕಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಎದೆ ಡವಡವ ಯಾವಾಗ ಶುರುವಾಯಿತು, ಎಲ್ಲಿಗೆ ಹೋಗುವಾಗ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಕೇಳಿದರೆ ದಾರಿ ಸಿಗುತ್ತದೆ. ಕೇಳುವವರು ಕಡಿಮೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಒಳ್ಳೆ ಸಂಬಳ, ಒಳ್ಳೆ ಕಂಪನಿ. ಬಾಡಿಗೆ ಮನೆ ಹುಡುಕುವಾಗ ಮೊದಲ ಪ್ರಶ್ನೆ ಅಡ್ವಾನ್ಸ್ ಬಗ್ಗೆ ಅಲ್ಲ, "ನೀವು ಯಾವ ಪೈಕಿ?" ಅಂತ. ನಮ್ಮ ಕಡೆ "ಯಾವ ಮಂದಿ?" ಅನ್ನುತ್ತಾರಲ್ಲ, ಅದೇ. ನಾಲ್ಕು ಮನೆ ಹೀಗೇ ಕೈ ತಪ್ಪಿದ ಮೇಲೆ ಐದನೇ ಮನೆಯಲ್ಲಿ ಬೇರೆ ಜಾತಿ ಹೇಳಿದ. ಮನೆ ಸಿಕ್ಕಿತು. ಆವತ್ತಿನಿಂದ ಅವನ ನಿದ್ದೆ ಹೋಯಿತು. ಗೋಡೆಗೆ ಅಂಬೇಡ್ಕರ್ ಫೋಟೋ ಹಾಕುವಂತಿಲ್ಲ. ಹೇಳಿದ ಜಾತಿಯ ಹಬ್ಬ, ಅಡುಗೆ, ಮಾತು ಎಲ್ಲ ಗೊತ್ತಿರಬೇಕು. ಓನರ್ ಮನೆಯವರು ಪ್ರಸಾದ ತಂದುಕೊಟ್ಟರೆ ಕೈ ಬೆವರುತ್ತದೆ. ಒಂದು ಸಲ ಅವ್ವ ಊರಿಂದ ಬಂದರು. ಮಗ ಬಸ್‌ಸ್ಟ್ಯಾಂಡಿನಲ್ಲೇ ಹೇಳಿದ, "ಅವ್ವಾ, ಓನರ್ ಜೋಡಿ ಮಾತಾಡಬ್ಯಾಡ." ಅವ್ವ ಯಾಕ ಅಂತ ಕೇಳಲಿಲ್ಲ. ನಾಲ್ಕು ದಿನ ಇರಲು ಬಂದವರು ಎರಡು ದಿನಕ್ಕೆ ಹೊರಟರು.

ನನ್ನ ಎದುರು ಕೂತು ಅವನು ಅತ್ತದ್ದು ಮನೆ ಸಿಗದ ನಾಲ್ಕು ಸಲಕ್ಕಲ್ಲ. ಅವ್ವನಿಗೆ ಹಾಗೆ ಹೇಳಿದ್ದಕ್ಕೆ. ಹೊರಗಿಡುವಿಕೆಯ ಅತಿ ಕೆಟ್ಟ ಕೆಲಸ ಇದು ಅಂತ ನನಗೆ ಅನ್ನಿಸುತ್ತದೆ. ಯಾರನ್ನು ಹೊರಗಿಟ್ಟಿದ್ದಾರೋ ಅವರ ಕೈಯಿಂದಲೇ, ಅವರು ಅತಿ ಪ್ರೀತಿಸುವವರನ್ನು ಹೊರಗಿಡಿಸುತ್ತದೆ. ಮಾಡಿದವರು ಬೇರೆ ಯಾರೋ, ನಾಚಿಕೆ ಮಾತ್ರ ಇವನಿಗೆ.

ದುಡ್ಡು, ಓದು ಬಂದರೆ ಎಲ್ಲ ಸರಿ ಹೋಗುತ್ತದೆ ಅಂತ ನಾವು ಹೇಳುತ್ತಾ ಬಂದಿದ್ದೇವೆ. ಓದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೇ ಸಾಲುವುದಿಲ್ಲ. ಆಶಿಶ್ ಗುಪ್ತಾ ಮತ್ತು ಡಯಾನ್ ಕಾಫಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಆರು ರಾಜ್ಯಗಳಲ್ಲಿ ಕಲೆಹಾಕಿದ್ದ ಮಾಹಿತಿ ಅದು, ಕರ್ನಾಟಕವೂ ಅದರಲ್ಲಿದೆ. ಪರಿಶಿಷ್ಟ ಜಾತಿಯವರು ಮತ್ತು ಮುಸ್ಲಿಮರ ಮಾನಸಿಕ ಆರೋಗ್ಯ ಮೇಲ್ಜಾತಿಯ ಹಿಂದೂಗಳಿಗಿಂತ ಕೆಟ್ಟದಾಗಿತ್ತು. ಆಸ್ತಿ, ವಿದ್ಯೆಯ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದು ನೋಡಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಉಳಿದ ಆ ಅಂತರ ಏನು ಅನ್ನುವುದನ್ನೇ ನಾನು ಇಷ್ಟು ಹೊತ್ತು ಹೇಳುತ್ತಿದ್ದೇನೆ.

ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ಪಿಎಚ್.ಡಿ. ಮಾಡುತ್ತಿದ್ದ ಹುಡುಗ. ಅವನನ್ನೂ ಇನ್ನು ನಾಲ್ವರನ್ನೂ ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಅವರು ಕ್ಯಾಂಪಸ್ಸಿನ ಬಯಲಲ್ಲಿ ಟೆಂಟ್ ಹಾಕಿಕೊಂಡು ಮಲಗಿದರು. ಆ ಟೆಂಟಿಗೆ ಇಟ್ಟ ಹೆಸರು ವೆಲಿವಾಡ. ತೆಲುಗಿನಲ್ಲಿ ಅದರ ಅರ್ಥ ಊರ ಹೊರಗಿನ ಕೇರಿ. ವಿಶ್ವವಿದ್ಯಾಲಯದವರೆಗೆ ಓದಿಕೊಂಡು ಬಂದ ಮಕ್ಕಳು ಅಲ್ಲೂ ಒಂದು ಕೇರಿ ಕಟ್ಟಿಕೊಳ್ಳಬೇಕಾಯಿತು. 2016ರ ಜನವರಿ 17ರಂದು ರೋಹಿತ್ ತನ್ನ ಜೀವ ತಾನೇ ತೆಗೆದುಕೊಂಡ. ಈ ಸಾವಿನ ಬಗ್ಗೆ ಮಾತಾಡುವಾಗ "ಅವನ ಮನಸ್ಸು ಮೆತ್ತಗಿತ್ತು" ಅನ್ನುವವರನ್ನು ಕಂಡಿದ್ದೇನೆ. ದಯವಿಟ್ಟು ಆ ಮಾತು ಆಡಬೇಡಿ. ಬಾಗಿಲು ಹಾಕಿದವರನ್ನು ಬಿಟ್ಟು, ಬಾಗಿಲ ಹೊರಗೆ ಚಳಿಯಲ್ಲಿ ನಿಂತವನ ಮೈಯಲ್ಲಿ ಶಕ್ತಿ ಇರಲಿಲ್ಲ ಅನ್ನುವ ಮಾತು ಅದು.

ಹಾಗಾದರೆ ಏನು ಗುಣ ಮಾಡುತ್ತದೆ? ಸಮಾಲೋಚನೆ ಬೇಕು, ಬೇಕಾದಾಗ ಮಾತ್ರೆಯೂ ಬೇಕು. 14416 ನಂಬರಿಗೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಹಾಸ್ಟೆಲಿನ ಗೋಡೆಯ ಮೇಲೆ ಆ ನಂಬರ್ ಬರೆಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಜಾತಿಯ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅನ್ನುತ್ತದೆ. ದಲಿತರಿಗೆ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಅಪರಾಧ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ. ಇವೆಲ್ಲ ಗೊತ್ತಿರಲಿ.

ಆದರೆ ನಾನು ಕಂಡ ಹಾಗೆ, ನಾಚಿಕೆ ಎಲ್ಲಿರಬೇಕೋ ಅಲ್ಲಿಗೆ ವಾಪಸ್ ಹೋದಾಗ ಮನುಷ್ಯ ಚೇತರಿಸಿಕೊಳ್ಳಲು ಶುರು ಮಾಡುತ್ತಾನೆ. 2022ರಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಉತ್ಸವದ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಆ ಮನೆಯವರು ಗೋಡೆಯ ಮೇಲಿದ್ದ ದೇವರ ಫೋಟೋಗಳನ್ನು ಇಳಿಸಿ ಅಂಬೇಡ್ಕರ್ ಫೋಟೋ ಹಾಕಿದರು. ಅದನ್ನು ಓದಿದಾಗ ನನಗೆ ಅನ್ನಿಸಿದ್ದು, ಈ ಮನೆಯಲ್ಲಿ ಇನ್ನೂ ಕೋಪ ಇದೆ, ಕೋಪ ಇದೆ ಅಂದರೆ ಜೀವ ಇದೆ. ತಪ್ಪು ನಮ್ಮದಲ್ಲ ಅಂತ ಗೊತ್ತಿರುವವರಿಗೆ ಮಾತ್ರ ಹಾಗೆ ಕೋಪ ಬರುತ್ತದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರು ಊರೂರಿಗೆ ತಮಟೆ ಹಿಡಿದು ಹೋದರು. ಬಿ. ಕೃಷ್ಣಪ್ಪ, ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಮತ್ತು ಹೆಸರು ಗೊತ್ತಿಲ್ಲದ ಸಾವಿರಾರು ಜನ. ಅದನ್ನು ಚಳವಳಿ ಅನ್ನುತ್ತೇವೆ. ನನ್ನ ವೃತ್ತಿಯ ಕಣ್ಣಿಂದ ನೋಡಿದರೆ ಈ ನಾಡು ಕಂಡ ಅತಿ ದೊಡ್ಡ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದು. ಒಬ್ಬೊಬ್ಬರೇ ಎದೆಯಲ್ಲಿಟ್ಟುಕೊಂಡು ಸುಮ್ಮನಿದ್ದದ್ದನ್ನು ಸಾವಿರ ಜನ ಒಟ್ಟಿಗೆ ಜೋರಾಗಿ ಹೇಳಿದರು.

ನನ್ನ ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಎದ್ದು ನಿಂತು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ.

"ಸರ್, ನಮ್ಮ ಕ್ಲಾಸಿನ್ಯಾಗ ಒಬ್ಬ ಹುಡುಗ ಅದಾನ್ರಿ. ಮನಿಯಿಂದ ಬಾಟ್ಲಿ ನೀರು ತರ್ತಾನ. ಅದು ಖಾಲಿ ಆದ್ರ ಸಂಜಿ ಮಟ ಹಂಗ ಇರ್ತಾನ. ಫಿಲ್ಟರ್ ಹತ್ರ ಹೋಗಂಗಿಲ್ಲ. ಯಾರೂ ಬ್ಯಾಡ ಅಂದಿಲ್ಲರಿ. ನಾ ಏನ್ ಮಾಡ್ಲಿ?"

ಅವನನ್ನು ಎಲ್ಲರ ಎದುರಿಗೆ ಕರೆಯಬೇಡಿ ಅಂದೆ. ಯಾಕೆ ಕುಡಿಯಲ್ಲ ಅಂತಲೂ ಕೇಳಬೇಡಿ, ಅವನಿಗೆ ಉತ್ತರ ಗೊತ್ತಿದ್ದರೂ ಹೇಳಲಾಗುವುದಿಲ್ಲ. ಹಾಜರಿ ಪುಸ್ತಕದ ಪ್ರಕಾರ ದಿನಕ್ಕೊಬ್ಬರು ಫಿಲ್ಟರ್ ತುಂಬಿಸುವ ಪಾಳಿ ಮಾಡಿ. ಅವನ ಹೆಸರು ತಾನಾಗಿ ಬರುತ್ತದೆ. ಅವನು ತುಂಬಿಸಿದ ದಿನ ನೀವೇ ಮೊದಲು ಹೋಗಿ ಒಂದು ಲೋಟ ನೀರು ಕುಡಿಯಿರಿ. ಏನೂ ಹೇಳಬೇಡಿ, ಸುಮ್ನೆ ಕುಡಿಯಿರಿ.

"ಅಷ್ಟೇನ್ರಿ?" ಅಂದರು.

ಮೊದಲನೇ ವಾರಕ್ಕೆ ಅಷ್ಟೇ ಅಂದೆ. ಎರಡನೇ ವಾರ ಅವರ ಮನೆಗೆ ಹೋಗಿ ಬನ್ನಿ. ಅವ್ವ ಚಹಾ ಕಾಸಲೋ ಬೇಡವೋ ಅಂತ ಅಳುಕುತ್ತಾ ನಿಂತಿರುತ್ತಾರೆ. "ಚಹಾ ಮಾಡ್ರಿ ಅಕ್ಕಾರ" ಅಂತ ನೀವೇ ಕೇಳಿ.